ಹನ್ನೆರಡು ನಿನಗೆ, ಹನ್ನೆರಡು ನನಗೆ

ಪಕ್ಕದ ಅಂಗಡಿಯ ಪಂಡಿತನಿಗೆ ಹುಚ್ಚು ಹಿಡಿದಿದೆ ಎಂಬ ಸುದ್ದಿಯನ್ನು ಹಬ್ಬಿಸಿದವನು ನಾನಲ್ಲ. ನಾನು ಹೇಳಿದ್ದು ನನ್ನ ಹೆಂಡತಿಗೆ ಮಾತ್ರ, ಅದೂ ಯಾರಿಗೂ ಹೇಳಬೇಡ ಎಂದು ಮೂರು ಸಲ ಎಚ್ಚರಿಸಿ. ಆಮೇಲೆ ಆದದ್ದಕ್ಕೆ ಊರಿನ ಬಾಯಿ ಹೊಣೆ. ಆದರೂ ಆ ವಾರದ ಕಥೆಯನ್ನು ಸರಿಯಾಗಿ ಬಲ್ಲವನು ನಾನೊಬ್ಬನೇ ಆದ್ದರಿಂದ, ಬೇರೆಯವರು ಕೈಕಾಲು ಸೇರಿಸಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಗಡಿಯಾರ ರಿಪೇರಿ ನನ್ನ ಕಸುಬು. ನನ್ನ ಅಂಗಡಿಗೂ ಪಂಡಿತನ ಅಂಗಡಿಗೂ ನಡುವೆ ಒಂದೇ ಗೋಡೆ. ಆ ಕಡೆ ಯಾರಾದರೂ ಜೋರಾಗಿ ಸೀನಿದರೆ ಈ ಕಡೆ ನನ್ನ ಚಿಮಟದಲ್ಲಿರುವ ಸ್ಪ್ರಿಂಗು ಹಾರಿ ಹೋಗುತ್ತದೆ. ಅವರದು ನಾಮಫಲಕದ ಅಂಗಡಿ. ಹಿತ್ತಾಳೆ ಫಲಕ, ರಬ್ಬರ್ ಸ್ಟಾಂಪು, ಗೆದ್ದವರ ಕಪ್ಪಿನ ಮೇಲೆ ಹೆಸರು, ಇವೆಲ್ಲ ಅಲ್ಲಿ ಆಗುತ್ತವೆ. ಪಾಲುದಾರರು ಇಬ್ಬರು. ಒಬ್ಬ ಪಂಡಿತ. ಓದನ್ನು ಅರ್ಧಕ್ಕೆ ಬಿಟ್ಟವನಿಗೆ ಈ ಬಿರುದು ಬಂದದ್ದು ಗಿರಾಕಿಗಳ ಕಾಗುಣಿತವನ್ನು ಕೇಳದೆಯೇ ತಿದ್ದಿ ತಿದ್ದಿ. 'ಚಪ್ಪಲಿ ಹೊರಗೆ ಬಿಡಿ' ಎಂದು ಕೆತ್ತಿಸಲು ಬಂದವರಿಗೆ 'ಪಾದರಕ್ಷೆಗಳನ್ನು ಪರಿತ್ಯಜಿಸಿ' ಎಂದು ಕೆತ್ತಿಕೊಟ್ಟು, ಜನ ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗುವಂತೆ ಮಾಡಿದ ಮಹಾನುಭಾವ ಅವನು.

ಇನ್ನೊಬ್ಬನ ಅಡ್ಡಹೆಸರು ಮೂರುಬೀಗ. ಅಂಗಡಿಗೆ ಮೂರು ಬೀಗ ಹಾಕಿ, ಒಂದೊಂದನ್ನೂ ಜಗ್ಗಿ ನೋಡಿ, ಹತ್ತು ಹೆಜ್ಜೆ ಹೋಗಿ, ಅನುಮಾನ ಬಂದು ವಾಪಸು ಬಂದು ಮತ್ತೆ ಜಗ್ಗುವ ಪ್ರಾಣಿ. ಹನ್ನೊಂದು ವರ್ಷ ಇವರಿಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತು ಬಾಳಿದ್ದಾರೆ. ಪ್ರೀತಿ ಇಲ್ಲವೆಂದಲ್ಲ. ಆದರೆ ಒಬ್ಬ ಚಹಾ ಕುಡಿಯಲು ಎದ್ದರೆ ಇನ್ನೊಬ್ಬ ಗಲ್ಲಾಪೆಟ್ಟಿಗೆಯ ಕಡೆ ಕಣ್ಣು ಹಾಯಿಸುತ್ತಿದ್ದ.

ಒಂಬತ್ತು ವರ್ಷದ ಉಳಿತಾಯವನ್ನು ಇವರು ಕ್ರಿಪ್ಟೋ ನಾಣ್ಯಕ್ಕೆ ಹಾಕಿದರು. ನಾಣ್ಯ ಎಂದರೆ ಕಿಸೆಯಲ್ಲಿ ಝಣ್ ಎನ್ನುವಂಥದ್ದಲ್ಲ. ಅದರ ಕೀಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಯಂತ್ರದೊಳಗೆ ಇರುತ್ತದೆ. ಯಂತ್ರ ಹಾಳಾದರೆ ಚಿಂತೆಯಿಲ್ಲ. ಅದು ಮೊದಲ ದಿನವೇ ಇಪ್ಪತ್ತನಾಲ್ಕು ಇಂಗ್ಲಿಷ್ ಪದ ತೋರಿಸುತ್ತದೆ. ಅವನ್ನು ಅದೇ ಕ್ರಮದಲ್ಲಿ ಹೊಸ ಯಂತ್ರಕ್ಕೆ ಒತ್ತಿದರೆ ಹಣ ಮತ್ತೆ ನಿಮ್ಮದು. ಪದಗಳು ಕಳೆದರೆ ಮಾತ್ರ ಬ್ರಹ್ಮ ಬಂದರೂ ಕೊಡಿಸಲಾರ. ಇಪ್ಪತ್ತನಾಲ್ಕೂ ಒಬ್ಬನಿಗೇ ಗೊತ್ತಿದ್ದರೆ ಅವನು ಇನ್ನೊಬ್ಬನ ಕೈಗೆ ಚಿಪ್ಪು ಕೊಟ್ಟು ಹೋಗಬಹುದಲ್ಲ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮೂರುಬೀಗ ಒಂದು ಉಪಾಯ ಹೂಡಿದ.

"ಮೊದಲ ಹನ್ನೆರಡು ನನಗೆ, ಕೊನೆಯ ಹನ್ನೆರಡು ನಿನಗೆ. ನಾನು ಬರ‍್ಕೊಳ್ಳೋವಾಗ ನೀನು ಗೋಡೆ ಕಡೆ ತಿರುಗು. ನೀನು ಬರ‍್ಕೊಳ್ಳೋವಾಗ ನಾನು ತಿರುಗ್ತೀನಿ."

ಹಾಗೇ ಆಯಿತು. ಮೂರುಬೀಗ ಬರೆಯುವಷ್ಟು ಹೊತ್ತು ಪಂಡಿತ ಗೋಡೆಗೆ ಮೂಗು ತಾಗಿಸಿ ನಿಂತ. ಆಮೇಲೆ ಪಂಡಿತನ ಸರದಿಯಲ್ಲಿ ಮೂರುಬೀಗ ನಿಂತ. ನನ್ನ ಪಾಲಿನ ಗೋಡೆಯಿಂದ ಕೇಳಿದರೆ ಇಬ್ಬರು ದೊಡ್ಡವರು ಕಣ್ಣಾಮುಚ್ಚಾಲೆ ಆಡುತ್ತಿರುವಂತೆ ಕೇಳಿಸುತ್ತಿತ್ತು. ಒಬ್ಬ ಕದಿಯಬಾರದು ಎಂದು ಹೂಡಿದ ಉಪಾಯದಲ್ಲಿ, ಇಬ್ಬರಲ್ಲಿ ಯಾರೊಬ್ಬ ಎಡವಿದರೂ ಇಬ್ಬರೂ ಬೀಳುತ್ತಾರೆ ಎಂಬ ಸಣ್ಣ ವಿಷಯ ಅವರಿಗೆ ಹೊಳೆಯಲಿಲ್ಲ.

ಅಷ್ಟಾಗಿದ್ದರೆ ಪರವಾಗಿರಲಿಲ್ಲ. ಆದರೆ ಪಂಡಿತನ ಪಾಂಡಿತ್ಯ ಸುಮ್ಮನೆ ಕೂರಬೇಕಲ್ಲ! ಇಂಗ್ಲಿಷಿನಲ್ಲಿ ಬರೆದರೆ ಕಳ್ಳನಿಗೂ ತಿಳಿಯುತ್ತದೆ ಎಂದು ಹನ್ನೆರಡೂ ಪದಗಳನ್ನು ಕನ್ನಡಕ್ಕೆ ಅನುವಾದಿಸಿ ಬರೆದುಕೊಂಡ. ಯಂತ್ರ ಪದಗಳನ್ನು ಮತ್ತೊಮ್ಮೆ ಕೇಳಿ ಪರೀಕ್ಷೆ ಮಾಡಿತು. ಆಗ ನೆನಪು ಇನ್ನೂ ಬಿಸಿಯಾಗಿತ್ತು, ಪಾಸಾದ. ಚೀಟಿಯನ್ನು ಮಡಿಸಿ ಕನ್ನಡಕದ ಡಬ್ಬಿಯೊಳಗಿಟ್ಟು, ಕಳ್ಳರ ಬಗ್ಗೆ ಸ್ವಲ್ಪ ಕನಿಕರವನ್ನೂ ಪಟ್ಟ.

ಎರಡು ವರ್ಷ ಕಳೆದವು. ಒಂದು ಸೋಮವಾರ ಕಟ್ಟಡದ ಯಜಮಾನಿ ಬಂದಳು. ಅವಳ ಮಾತು ಯಾವಾಗಲೂ ರಶೀದಿಯಷ್ಟೇ ಉದ್ದ.

"ಕಟ್ಟಡ ಮಾರ್ತಿದ್ದೀನಿ. ಶೂ ವ್ಯಾಪಾರಿ ಒಬ್ಬರು ಕೇಳಿದ್ದಾರೆ. ಅವರು ತಗೊಂಡ್ರೆ ಎರಡೂ ಅಂಗಡಿ ಒಡೆದು ಗೋಡೌನ್ ಮಾಡ್ತಾರಂತೆ. ನೀವು ಹಳಬರು, ಅದಕ್ಕೆ ಮೊದಲು ನಿಮಗೇ ಹೇಳ್ತಿದ್ದೀನಿ. ಶುಕ್ರವಾರ ಸಂಜೆವರೆಗೆ ಟೈಮು."

ನನ್ನ ಹತ್ತಿರ ಕಟ್ಟಡ ಕೊಳ್ಳುವಷ್ಟು ಹಣ ಎಲ್ಲಿಂದ ಬರಬೇಕು? ಈ ವಯಸ್ಸಿನಲ್ಲಿ ಲೆನ್ಸು ಕಣ್ಣಿಗೆ ಕಟ್ಟಿಕೊಂಡು ಯಾವ ಬೀದಿಯಲ್ಲಿ ಕೂರಲಿ? ಪಂಡಿತ ಮಾತ್ರ ಎದೆ ಉಬ್ಬಿಸಿ, "ತಗೋತೀವಿ ಅಮ್ಮಾ" ಎಂದ. ಅವರ ನಾಣ್ಯದ ಬೆಲೆ ಅಷ್ಟು ಏರಿತ್ತು. ನಾನು ಅವನ ಕೈ ಹಿಡಿದು, "ಪಂಡಿತರೇ, ನನ್ನ ಬಾಡಿಗೆ ಏರಿಸಬೇಡಿ" ಎಂದು ಆಗಲೇ ಬೇಡಿಕೊಂಡೆ.

ಅದೇ ಮಧ್ಯಾಹ್ನ ಮೂರುಬೀಗ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಕೈಯಲ್ಲೇ ಹಿಡಿದರೆ ಎಲ್ಲಿ ಬೀಳುತ್ತದೋ ಎಂಬ ಭಯ. ನಂತರ ಹಿಂದಿನ ಕೋಣೆಯಲ್ಲಿ ಹಿತ್ತಾಳೆ ಫಲಕ ಅದ್ದಿಟ್ಟ ಆಸಿಡ್ ತೊಟ್ಟಿಯ ಮೇಲೆ ಬಗ್ಗಿದ. ಚುಳಕ್ ಎಂದು ಒಂದು ಸದ್ದು, ಬುಸ್ ಎಂದು ಇನ್ನೊಂದು.

ಇಕ್ಕುಳದಲ್ಲಿ ಎತ್ತಿದಾಗ ಯಂತ್ರದಿಂದ ಹಸಿರು ನೊರೆ ಬರುತ್ತಿತ್ತು. ಮೂರುಬೀಗನ ಮುಖ ಸುಣ್ಣ ಬಳಿದಂತಾಗಿತ್ತು.

"ಹೋಗ್ಲಿ ಬಿಡೋ," ಎಂದ ಪಂಡಿತ ದೊಡ್ಡ ಮನಸ್ಸು ಮಾಡಿ. "ಪದ ಇದೆಯಲ್ಲ, ಪದ! ನಾನು ಈಗಲೇ ಹೊಸ ಯಂತ್ರ ತರ್ತೀನಿ. ನಿನ್ನ ಹನ್ನೆರಡು ತೆಗೆದಿಡು."

ತಂದ. ಕನ್ನಡಕದ ಡಬ್ಬಿ ತೆರೆದ. ಚೀಟಿ ಬಿಡಿಸಿದ. 'ಕೊಡೆ', ಅಂಬ್ರೆಲಾ, ಸರಿ. 'ಕತ್ತೆ', ಡಾಂಕಿ, ಅದೂ ಸರಿ. ಮೂರನೆಯದು 'ಹತ್ತು'.

ಪಂಡಿತನ ಬೆರಳು ಅಲ್ಲೇ ನಿಂತಿತು. ಹತ್ತು ಎಂದರೆ ಟೆನ್ನೋ, ಕ್ಲೈಂಬೋ? ಮುಂದೆ 'ಹಿಂಡು'. ಕುರಿಯ ಹಿಂಡೋ, ಬಟ್ಟೆ ಹಿಂಡುವುದೋ? 'ಕಾಲು' ಎಂದರೆ ನಡೆಯುವ ಕಾಲೋ, ನಾಲ್ಕನೇ ಒಂದು ಭಾಗವೋ? 'ಬೆಳೆ' ಹೊಲದಲ್ಲಿರುವುದೋ, ಬೆಳೆ ಎಂದು ಹರಸುವುದೋ? 'ಸುತ್ತು', 'ಕರಿ', 'ಮುತ್ತು'... ಹನ್ನೆರಡರಲ್ಲಿ ಏಳು ಪದಗಳು ಎರಡೆರಡು ತಲೆ ಎತ್ತಿ ಅವನನ್ನೇ ನೋಡುತ್ತಿದ್ದವು. ಲೆಕ್ಕ ಹಾಕಿದರೆ ನೂರಿಪ್ಪತ್ತೆಂಟು ದಾರಿ. ಪುಟ್ಟ ಗುಂಡಿ ಒತ್ತುತ್ತ ಒಂದೊಂದಕ್ಕೂ ಅರ್ಧ ಗಂಟೆ. ಕಳ್ಳನಿಗೆಂದು ತೋಡಿದ ಹಳ್ಳಕ್ಕೆ ಮಾಲೀಕನೇ ಬಿದ್ದಿದ್ದ. ಅವನು ಕೂತುಬಿಟ್ಟ.

"ಈಗಿನಿಂದಲೇ ಒಂದೊಂದಾಗಿ ಒತ್ತಿ ನೋಡೋಣ," ಎಂದ. "ನಿನ್ನ ಚೀಟಿ ತಾ."

ಮೂರುಬೀಗ ಬಯ್ಯುತ್ತಾನೆಂದು ನಾನೂ ಗೋಡೆಗೆ ಕಿವಿ ಕೊಟ್ಟು ಕಾದೆ. ಆಶ್ಚರ್ಯ, ಅವನ ದನಿ ಬೆಣ್ಣೆಯಂತಿತ್ತು.

"ಅವಸರ ಬೇಡ ಕಣೋ. ಅರ್ಧಂಬರ್ಧ ಒತ್ತಿದ್ರೆ ಯಂತ್ರ ಕೆಟ್ಟು ಕೂತ್ಕೊಂಡ್ರೆ? ಮೊದಲು ನಿನ್ನ ಏಳು ಪದ ಖಚಿತ ಮಾಡ್ಕೋ. ನಿಧಾನಕ್ಕೆ ನೆನಪು ಮಾಡ್ಕೋ. ಪರವಾಗಿಲ್ಲ."

ಹನ್ನೊಂದು ವರ್ಷದಲ್ಲಿ ಅವನ ಬಾಯಿಂದ 'ಪರವಾಗಿಲ್ಲ' ಎಂಬ ಮಾತು ಬಂದದ್ದು ಅದೇ ಮೊದಲು. ಪಂಡಿತನಿಗೆ ಕಣ್ಣಲ್ಲಿ ನೀರು ಬಂತು.

ಮಂಗಳವಾರ ಅವನ ತಲೆಗೆ ಒಂದು ತರ್ಕ ಹೊಳೆಯಿತು. ಒಂದು ಪದ ಕೇಳಿದ ಕೂಡಲೇ ಹತ್ತು ಜನಕ್ಕೆ ಯಾವ ಅರ್ಥ ಹೊಳೆಯುತ್ತದೋ, ತನಗೂ ಅದೇ ಹೊಳೆದಿರಬೇಕು. ಆದ್ದರಿಂದ ಜನರನ್ನು ಕೇಳುವುದು. ಆದರೆ ಗುಟ್ಟು ಬಿಡಬಾರದು. ಒಬ್ಬರಿಗೆ ಒಂದೇ ಪದ, ಕಾರಣ ಹೇಳುವಂತಿಲ್ಲ.

ಮೊದಲು ನನ್ನ ಹತ್ತಿರವೇ ಬಂದ. ಬಾಗಿಲು ಮುಚ್ಚಿದ. ನನ್ನ ಕಿವಿಗೆ ಬಾಯಿಟ್ಟು, "ಗಡಿಯಾರದವರೇ, 'ಸುತ್ತು' ಅಂದ್ರೆ ನಿಮಗೆ ಥಟ್ಟನೆ ಏನನ್ಸುತ್ತೆ?" ಎಂದ.

"ಗಡಿಯಾರಕ್ಕೆ ಕೀಲಿ ಕೊಡೋದು," ಎಂದೆ.

ಅವನು ಗೋಡೆ ಹಿಡಿದುಕೊಂಡ. "ಅಯ್ಯೋ, ಇದು ಮೂರನೇ ಅರ್ಥವಾ!" ಎಂದು ಗೊಣಗುತ್ತ ಹೊರಟುಹೋದ. ಇದನ್ನು ಮನೆಯಲ್ಲಿ ಹೇಳದೆ ಇರಲು ನಾನೇನು ಕಲ್ಲೇ?

ಇಸ್ತ್ರಿಯವನನ್ನು 'ಹಿಂಡು' ಎಂದರೇನು ಎಂದು ಕೇಳಿದ. "ಹಿಂಡೋದು ಅಂದ್ರೆ ಹಿಂಡೋದು ಸಾರ್, ನಿಮ್ಮ ಅಂಗಿ ಹರಿದಿದ್ದು ನನ್ನಿಂದಲ್ಲ" ಎಂದು ಅವನು ಜಗಳಕ್ಕೇ ನಿಂತ. ಮೇಲಿನ ಮನೆಯ ಟೀಚರಮ್ಮ ಮೆಟ್ಟಿಲಿಳಿದು ಬರುವಾಗ ಅಡ್ಡ ನಿಂತು, ಸುತ್ತಮುತ್ತ ನೋಡಿ, ಪಿಸುದನಿಯಲ್ಲಿ, "ಟೀಚರ್, 'ಮುತ್ತು' ಅಂದ್ರೆ ನಿಮಗೆ ಏನನ್ಸುತ್ತೆ?" ಎಂದ.

ಟೀಚರಮ್ಮ ಎರಡು ಮೆಟ್ಟಿಲು ಹಿಂದಕ್ಕೆ ಹೋದರು. "ಏನ್ರೀ ಕೇಳ್ತಿದ್ದೀರಾ ನೀವು? ನನ್ನ ವಯಸ್ಸೇನು, ನಿಮ್ಮ ವಯಸ್ಸೇನು!"

"ತಪ್ಪು ತಿಳ್ಕೋಬೇಡಿ. ಹೀಗೇ... ಒಂದು ಅಭಿಪ್ರಾಯ..."

"ಅಭಿಪ್ರಾಯನಾ? ಇರಿ, ನಿಮ್ಮ ಮನೆಯವರಿಗೆ ಹೇಳ್ತೀನಿ ನನ್ನ ಅಭಿಪ್ರಾಯ!"

ಹೀಗೆ ಅಂದು ಸಂಜೆಯೊಳಗೆ ಅವನ ಹೆಂಡತಿಗೆ ಎರಡು ವರದಿ ಮುಟ್ಟಿದವು. ಒಂದು, ನಿಮ್ಮವರಿಗೆ ಹುಚ್ಚು ಹಿಡಿದಿದೆ. ಇನ್ನೊಂದು, ನಿಮ್ಮವರು ಹಾದಿ ತಪ್ಪಿದ್ದಾರೆ. ಆಕೆ ಸಾಧ್ವಿ, ಹುಚ್ಚೇ ಆಗಿರಲಿ ಎಂದು ಹಾರೈಸಿದಳು.

ಬುಧವಾರ ಬೆಳಿಗ್ಗೆ ಕ್ರಯಪತ್ರ ಬರೆಯುವವರು ಯಜಮಾನಿಯ ಕಡೆಯಿಂದ ವಿವರ ಬರೆದುಕೊಳ್ಳಲು ಅಂಗಡಿಗೆ ಬಂದರು. ಕಾಗದದ ಮನುಷ್ಯ, ಉಸಿರನ್ನೂ ಕಲಂ ಹಾಕಿ ಬಿಡುವಂಥವರು. ಪಂಡಿತನಿಗೆ ಇವರೇ ಸರಿಯಾದ ಸಾಕ್ಷಿ ಎನಿಸಿತು.

"ಸ್ವಾಮಿ, 'ಕಾಲು' ಅಂದ್ರೆ ಏನು?"

"ನಾಲ್ಕನೇ ಒಂದು ಭಾಗ," ಎಂದರು ಅವರು ತಲೆಯೆತ್ತದೆ. ಆಮೇಲೆ ಎತ್ತಿದರು. "ಯಾಕೆ? ಕಾಲು ಭಾಗಕ್ಕೆ ಇನ್ಯಾರಾದ್ರೂ ಹಕ್ಕುದಾರರು ಇದ್ದಾರಾ?"

"ಇಲ್ಲ ಇಲ್ಲ. ಕಾಲು ಅಂದ್ರೆ ಇದೂ ಆಗಬಹುದಲ್ಲ?" ಎಂದು ಪಂಡಿತ ತನ್ನ ಬಲಗಾಲನ್ನು ಎತ್ತಿ ಮೇಜಿನ ಮೇಲೆ, ಕರಡು ಕ್ರಯಪತ್ರದ ಪಕ್ಕದಲ್ಲೇ ಇಟ್ಟ.

ಅವರು ಕಾಗದವನ್ನು ಮೆಲ್ಲಗೆ ಎಳೆದುಕೊಂಡು, ಪೆನ್ನಿಗೆ ಟೋಪಿ ಹಾಕಿದರು. "ನೋಡಿ, ಪತ್ರದಲ್ಲಿ 'ಸ್ವಸ್ಥಚಿತ್ತದಿಂದ' ಅಂತ ಒಂದು ಮಾತು ಬರುತ್ತೆ. ಅದನ್ನ ಬರೆಯೋಕೆ ನನ್ನ ಕೈ ಬರ್ತಿಲ್ಲ. ಡಾಕ್ಟರ ಸರ್ಟಿಫಿಕೇಟ್ ತನ್ನಿ. ಇಲ್ಲದಿದ್ರೆ ಅಮ್ಮಾವ್ರು ಶುಕ್ರವಾರ ಶೂನವರಿಗೇ ಬರ‍್ಕೊಡ್ತಾರೆ."

ಸುದ್ದಿ ಕೇಳಿ ಪಂಡಿತನ ಭಾವಮೈದ ಓಡಿ ಬಂದ. ಅವನು ಆಸ್ಪತ್ರೆಗೆ ಕರೆದೊಯ್ಯಲು ಸದಾ ಸಿದ್ಧನಿರುವ ಮನುಷ್ಯ. ಮದುವೆ ಮನೆಯಲ್ಲೂ ಯಾರು ಸುಸ್ತಾಗಿದ್ದಾರೆಂದು ನೋಡುತ್ತಿರುತ್ತಾನೆ. "ಭಾವ, ಏನೂ ಆಗಿಲ್ಲ, ಸುಮ್ಮನೆ ಗಾಳಿಗೆ ಹೋಗಿ ಬರೋಣ" ಎಂದು ಪುಸಲಾಯಿಸಿ ಡಾಕ್ಟರ ಕೋಣೆಗೆ ತಂದು ಕೂರಿಸಿದ. ದಾರಿಯುದ್ದಕ್ಕೂ ಪಂಡಿತ ಎರಡು ದಿನದ ನಿದ್ದೆಗೆಟ್ಟ ಕಣ್ಣಿಂದ ಚೀಟಿಯ ಪದಗಳನ್ನೇ ಮಣಮಣ ಎನ್ನುತ್ತಿದ್ದ. ಭಾವಮೈದ ಅದನ್ನೂ ಡಾಕ್ಟರಿಗೆ ಒಪ್ಪಿಸಿದ.

"ಈ ತೂಕದ ಯಂತ್ರದ ಮೇಲೆ ಹತ್ತಿ," ಎಂದರು ಡಾಕ್ಟರು.

"ಕ್ಲೈಂಬ್!" ಎಂದು ಕೂಗಿದ ಪಂಡಿತ.

ಡಾಕ್ಟರು ಏನೋ ಬರೆದುಕೊಂಡರು. "ಹೂಂ. ಈಗ ಕಾಲು ಚಾಚಿ."

"ಲೆಗ್! ಅಥವಾ... ಡಾಕ್ಟ್ರೇ, ನೀವು ಕ್ವಾರ್ಟರ್ ಅನ್ನೋದನ್ನ ಕಾಲು ಅಂತೀರಾ, ಕಾಲುಭಾಗ ಅಂತೀರಾ?"

"ನಾನು ಏನೂ ಅನ್ನಲ್ಲ. ತಲೆ ಸುತ್ತು ಬರುತ್ತಾ?"

"ರೌಂಡ್! ಸ್ಪಿನ್! ಇದಕ್ಕೇ ಡಾಕ್ಟ್ರೇ ನಿದ್ದೆ ಬರ್ತಿಲ್ಲ ನನಗೆ!"

ಡಾಕ್ಟರು ಭಾವಮೈದನ ಕಡೆ ನೋಡಿದರು. ಭಾವಮೈದ ಕಣ್ಣೊರೆಸಿಕೊಂಡ. "ಕೊನೆಯದಾಗಿ, ನಾನು ಮೂರು ಪದ ಹೇಳ್ತೀನಿ," ಎಂದರು ಡಾಕ್ಟರು ಮೃದುವಾಗಿ. "ನೆನಪಿಟ್ಕೊಂಡು ಐದು ನಿಮಿಷ ಬಿಟ್ಟು ಹೇಳಬೇಕು."

ಪಂಡಿತ ಕುರ್ಚಿಯಿಂದ ಎದ್ದು ಅವರ ಎರಡೂ ಕೈ ಹಿಡಿದ. "ಬೇಡಿ ಸ್ವಾಮಿ, ಇನ್ನೂ ಮೂರು ಹೊರೆಸಬೇಡಿ. ಇರೋ ಹನ್ನೆರಡೇ ನನ್ನ ಪ್ರಾಣ ತಿಂತಿವೆ."

ಸರ್ಟಿಫಿಕೇಟಿನಲ್ಲಿ 'ಸದ್ಯಕ್ಕೆ ಏನೂ ಹೇಳಲಾಗದು' ಎಂದು ಬರೆದಿತ್ತು.

ಗುರುವಾರ ಬೆಳಿಗ್ಗೆ ಹೆಂಡತಿ ಅವನೆದುರು ಬಂದು ಕೂತಳು. ಎರಡು ದಿನ ಅತ್ತ ಕಣ್ಣು. "ರೀ, ನನಗಾದ್ರೂ ಹೇಳಿ. ಯಾರು ಆ ಮುತ್ತು?" ಎಂದಳು.

ಪಂಡಿತ ಚೀಟಿಯನ್ನು ಅವಳ ಮುಂದಿಟ್ಟು ಎಲ್ಲವನ್ನೂ ಹೇಳಿಬಿಟ್ಟ. ಆಕೆ ಕೇಳಿ ಮುಗಿಸಿ, ಸೆರಗಿನಿಂದ ಮೂಗೊರೆಸಿಕೊಂಡು, ಚೀಟಿಯನ್ನು ತಿರುವಿ ಹಿಂಭಾಗದ ಮೇಲೆ ಬೆರಳಾಡಿಸಿದಳು.

"ಇಷ್ಟೇನಾ? ಕೆತ್ತೋ ಕೈ ನಿಮ್ಮದು. ಯಾರಿಗಾದ್ರೂ ಏನಾದ್ರೂ ಮಾಡು ಅಂತ ಬರೆಯೋವಾಗ ಹುಕುಂ ಕೊಟ್ಟ ಹಾಗೆ ಒತ್ತಿ ಬರೀತೀರಿ. ನನಗೆ ಬರೆದಿಡೋ ಚೀಟಿಗಳೆಲ್ಲ ಹಾಗೇ ಇರುತ್ತೆ, 'ಬಾಗಿಲು ಹಾಕು' ಅಂತ ತೂತು ಬಿದ್ದಿರುತ್ತೆ. ನೋಡಿ, 'ಹತ್ತು' ಉಬ್ಬಿದೆ, ಏರೋದು. 'ಹಿಂಡು' ಉಬ್ಬಿಲ್ಲ, ಕುರಿ ಹಿಂಡೇ. 'ಬೆಳೆ' ಉಬ್ಬಿದೆ. 'ಸುತ್ತು' ಉಬ್ಬಿಲ್ಲ. 'ಕಾಲು' ಭಾಗ ಆಗಿದ್ರೆ ನೀವು ಅಂಕಿಯಲ್ಲಿ ಬರೆದಿರ್ತಿದ್ರಿ."

"ಕರಿ?"

"ಕಪ್ಪಿಗೆ ನೀವು ಕಪ್ಪು ಅಂತಲೇ ಬರೀತಿದ್ರಿ. ಆನೆಗೆ ಕರಿ ಅಂತ ಬರೆಯೋ ಜಂಬ ಈ ಬೀದಿಯಲ್ಲಿ ಇನ್ಯಾರಿಗಿದೆ?"

"ಮುತ್ತು?"

ಆಕೆ ನಕ್ಕಳು. "ಇರುವೆ ತಲೆಯಷ್ಟು ಸಣ್ಣಕ್ಕೆ ಬರೆದಿದ್ದೀರಿ. ಒಡವೆ ಆಗಿದ್ರೆ ಯಾಕೆ ನಾಚ್ಕೋತಿದ್ರಿ?"

ಐದು ನಿಮಿಷದ ಕೆಲಸ. ಊರಿಗೆಲ್ಲ ಒಂದೊಂದು ಪದ ಹಂಚಿದವನು ಮನೆಯಲ್ಲಿ ಮೊದಲೇ ಒಂದು ಮಾತು ಹೇಳಬಾರದಿತ್ತೆ? ಅವನು ಚೀಟಿ ಹಿಡಿದು ಬೀದಿಯಲ್ಲಿ ಓಡಿದ ಓಟ ನೋಡಿ ಇಸ್ತ್ರಿಯವನು ಬಾಗಿಲು ಹಾಕಿಕೊಂಡ.

"ಸಿಕ್ತು ಕಣೋ! ಹನ್ನೆರಡೂ ಸಿಕ್ತು! ನಿನ್ನದು ತಾ, ಒತ್ತೋಣ!"

ಗೋಡೆಯ ಆ ಕಡೆಯಿಂದ ಮೂರುಬೀಗ ಅಳುವುದು ಕೇಳಿಸಿತು.

ಕಾಗದವನ್ನು ನಂಬದ ಮೂರುಬೀಗ ತನ್ನ ಹನ್ನೆರಡು ಪದಗಳನ್ನು ಒಂದು ಹಳೆಯ ಹಿತ್ತಾಳೆ ಫಲಕದ ಹಿಂಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣಗೆ ಕೆತ್ತಿ, ಚೀಟಿಯನ್ನು ಸುಟ್ಟಿದ್ದ. ಫಲಕವನ್ನು ಯಾರೂ ಮುಟ್ಟದ ಜಾಗವೆಂದು ಗುಜರಿ ತಗಡಿನ ಸಾಲಿನಲ್ಲಿ ತೂರಿಸಿದ್ದ. ಸೋಮವಾರ ನೋಡಿದರೆ ಅದಿಲ್ಲ.

"ಸೋಮವಾರದಿಂದ ಬೆಳಿಗ್ಗೆ ಬೆಳಿಗ್ಗೆ ಕಂಡಕಂಡವರ ಗೇಟಿನ ಫಲಕದ ಹಿಂದೆ ಇಣುಕಿದ್ದೀನಿ ಕಣೋ," ಎಂದು ಬಿಕ್ಕಿದ. "ಇನ್ನೊಂದು ಹೇಳ್ತೀನಿ, ಬೇಕಾದ್ರೆ ಹೊಡಿ. ನಿನಗೆ ಹುಚ್ಚು ಅಂತ ಎಲ್ಲರೂ ಅಂದಾಗ ನನಗೆ ಒಳಗೊಳಗೇ ಸಮಾಧಾನ ಆಯ್ತು. ನೀನೇ ಮರೆತೆ ಅಂತ ಆಗಿಬಿಟ್ರೆ ನನ್ನದನ್ನ ಯಾರೂ ಕೇಳಲ್ಲ ಅಂತ."

ಪಂಡಿತನಿಗೆ ಕೋಪ ನೆತ್ತಿಗೇರಿತು. ಮೂರು ದಿನ ಊರೆಲ್ಲ ನಗುವಾಗ ಇವನು ಬೆಣ್ಣೆಯಂತೆ ಮಾತಾಡಿದ್ದು ಇದಕ್ಕೇ! ಕೈ ಎತ್ತಿಯೂ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. "ಗುಜರಿ ಸಾಲಿನ ಫಲಕ... ಹಿಂದೆ ಗೀಚಿದ ಹಾಗೆ ಇತ್ತಲ್ಲ, ಅದಾ?" ಎಂದ.

"ನೀನು ನೋಡಿದ್ಯಾ?"

"ಹೋದ ತಿಂಗಳು ಅರ್ಜೆಂಟ್ ಆರ್ಡರ್ ಬಂತು. 'ನಾಯಿ ಇದೆ, ಎಚ್ಚರಿಕೆ'. ಅದರಲ್ಲೇ ಕೆತ್ತಿಕೊಟ್ಟೆ."

ಇಬ್ಬರೂ ಸ್ಕ್ರೂಡ್ರೈವರ್ ಹಿಡಿದು ಆ ಗಿರಾಕಿಯ ಮನೆಗೆ ಓಡಿದರು. ಸಾಕ್ಷಿಗಿರಲಿ ಎಂದು ನಾನೂ ಓಡಿದೆ. ಗೇಟಿನೊಳಗೆ ನಾಯಿ ನಿಜವಾಗಿಯೂ ಇತ್ತು. ಮನೆಯವರು ಅದನ್ನು ಹಿಡಿದುಕೊಂಡರು, ಮೂರುಬೀಗ ನಾಲ್ಕು ಸ್ಕ್ರೂ ಬಿಚ್ಚಿದ, ಫಲಕ ತಿರುಗಿಸಿದ. ಹಿಂಭಾಗ ಕನ್ನಡಿಯಂತೆ ಫಳಫಳ ಎನ್ನುತ್ತಿತ್ತು. ಅದರಲ್ಲಿ ಇಬ್ಬರ ಮುಖವೂ ಸ್ಪಷ್ಟವಾಗಿ ಕಾಣಿಸಿತು.

"ಹಿಂದೆ ಯಾರು ನೋಡ್ತಾರೆ ಅಂತ ಬಿಡೋ ಜಾತಿ ಅಲ್ಲ ನಾನು," ಎಂದ ಪಂಡಿತ ಕ್ಷೀಣವಾಗಿ. "ಚೆನ್ನಾಗಿ ಉಜ್ಜಿದೆ."

ಹಣ ಈಗಲೂ ಅಲ್ಲೇ ಇದೆ. ಫೋನಿನಲ್ಲಿ ನೋಡಿದರೆ ಕಾಣುತ್ತದೆ, ದಿನ ದಿನಕ್ಕೆ ಬೆಳೆಯುತ್ತಲೂ ಇದೆ. ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದು, ಯಾರೂ ಮುಟ್ಟುವಂತಿಲ್ಲ. ಆ ಸಂಜೆ ಇಬ್ಬರೂ ಅಂಗಡಿಯಲ್ಲಿ ಒಬ್ಬರ ಹೆಗಲಿಗೆ ಒಬ್ಬರು ಒರಗಿ ಕೂತಿದ್ದರು. ನನಗೂ ದುಃಖ ಒತ್ತರಿಸಿ ಬಂತು, ನನ್ನದೂ ಅದೇ ಕಟ್ಟಡವಲ್ಲವೆ?

ಶುಕ್ರವಾರ ಯಜಮಾನಿ ಶೂ ವ್ಯಾಪಾರಿಯನ್ನೇ ಕರೆದುಕೊಂಡು ಬಂದಳು. ಆತ ಗೋಡೆ ತಟ್ಟಿದ, ಅಳತೆ ತೆಗೆದ, ನನ್ನ ಕಡೆ ತಿರುಗಿ, "ಪಕ್ಕದವರು ಹೇಗೆ? ತಕರಾರಿಲ್ಲದೆ ಖಾಲಿ ಮಾಡ್ತಾರಾ?" ಎಂದು ಕೇಳಿದ. ನಾನು ಸುಳ್ಳು ಹೇಳಲಿಲ್ಲ. ಡಾಕ್ಟರ ಸರ್ಟಿಫಿಕೇಟಿನ ವಿಷಯ ಹೇಳಿದೆ ಅಷ್ಟೆ. ಅದೇ ಹೊತ್ತಿಗೆ ಇಸ್ತ್ರಿಯವನು ಓಟದ ವಿಷಯ, ಟೀಚರಮ್ಮ ಮೆಟ್ಟಿಲಿನ ವಿಷಯ ಹೇಳಿದರು. ಆತ ಟೇಪು ಸುತ್ತಿಕೊಂಡ. "ಬುದ್ಧಿ ಇರೋರನ್ನ ಖಾಲಿ ಮಾ‌ಡಿಸಬಹುದು ತಾಯಿ. ಇಂಥವರ ಸಹವಾಸ ನನಗೆ ಬೇಡ" ಎಂದು ಹೊರಟೇಹೋದ.

ಅಂದಿನಿಂದ ಪಂಡಿತನಿಗೆ ಒಂದು ಹೊಸ ಉದ್ಯೋಗ. ಕೊಳ್ಳುವವರು ಯಾರಾದರೂ ಬಂದರೆ ನಾನು ಗೋಡೆಗೆ ಎರಡು ಸಲ ಬಡಿಯಬೇಕು. ಅವನು ಎದ್ದು ಬಂದು ಅವರ ಕಿವಿಯಲ್ಲಿ ಒಂದು ಪದದ ಅರ್ಥ ಕೇಳಬೇಕು. ಮೂರುಬೀಗ ಪಕ್ಕದಲ್ಲಿ ನಿಂತು ನಿಟ್ಟುಸಿರು ಬಿಡಬೇಕು. ಒಂಬತ್ತು ತಿಂಗಳಲ್ಲಿ ಐವರು ಹೀಗೆ ಬಂದು ಹಾಗೆ ಹೋದರು. ಅಂಗಡಿ ಉಳಿಯಿತು ಎಂದು ನಾವು ಮೂವರೂ ಸ್ವಲ್ಪ ಉಸಿರಾಡುವಂತಾಗಿತ್ತು.

ನಿನ್ನೆ ಆರನೆಯವರು ಬಂದರು. ವಯಸ್ಸಾದವರು, ದಪ್ಪ ಕನ್ನಡಕ, ಕಂಕುಳಲ್ಲಿ ಪುಸ್ತಕದ ಚೀಲ. ನಾನು ಗೋಡೆಗೆ ಬಡಿದೆ. ಪಂಡಿತ ಬಂದ, ಕಣ್ಣು ಅಗಲಿಸಿದ, ಅವರ ಕಿವಿಗೆ ಬಾಯಿಟ್ಟು, "ಸ್ವಾಮಿ, 'ಹತ್ತು' ಅಂದ್ರೆ ನಿಮಗೆ ಏನನ್ಸುತ್ತೆ?" ಎಂದ.

ಮುದುಕರು ಚೀಲವನ್ನು ನೆಲಕ್ಕಿಟ್ಟರು. ಮುಖ ಊರಗಲವಾಯಿತು. "ಎಂಥ ಪ್ರಶ್ನೆ ಕೇಳಿದ್ರಿ! ಒಂದು, ಎಣಿಕೆ. ಎರಡು, ಏರು. ಮೂರು, ಉರಿ ಹಿಡಿ. ಬೆಂಕಿ ಹತ್ತು ಅಂತೀವಲ್ಲ. ನಾಲ್ಕು, ಬೆನ್ನು ಹತ್ತು, ಅಂದ್ರೆ ಬಿಡದೆ ಹಿಂಬಾಲಿಸು. ನಲವತ್ತು ವರ್ಷ ಭಾಷೆ ಪಾಠ ಮಾಡಿದೆ, ಒಬ್ಬನೂ ಹೀಗೆ ಕೇಳಲಿಲ್ಲ!" ಎಂದು ಪಂಡಿತನ ಹೆಗಲ ಮೇಲೆ ಕೈ ಹಾಕಿ ಯಜಮಾನಿಯ ಕಡೆ ತಿರುಗಿದರು. "ಅಮ್ಮಾ, ಬೇರೆ ಕಡೆ ನೋಡಲ್ಲ. ಈ ಕಟ್ಟಡವೇ ನನಗೆ ಬೇಕು."